ಮಾತ್ರೆಯ ದಾಖಲೆ ಹೆಸರು ಯಾವುದು?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಓದುಗರ ವಿಭಾಗದಲ್ಲಿ ಅರಸೀಕೆರೆ ಕಡೆಯವರೊಬ್ಬರು ಒಂದು ಪ್ರಶ್ನೆ ಎತ್ತಿದ್ದರು. ವೈದ್ಯರು ಚೀಟಿಯಲ್ಲಿ ಬರೆದ ಮಾತ್ರೆ ಕೊಡದೆ, ‘ಎರಡೂ ಒಂದೇ, ಕಂಪನಿ ಮಾತ್ರ ಬೇರೆ’ ಎಂದು ಮೆಡಿಕಲ್ ಶಾಪಿನವರು ಇನ್ನೊಂದು ಹೆಸರಿನ ಶೀಟು ಕೈಗಿಡುತ್ತಾರೆ, ಇದನ್ನು ನಂಬಬಹುದೇ ಎಂಬುದು ಅವರ ಸಂಶಯ. ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ನಾನು ವೈದ್ಯನಲ್ಲ, ಔಷಧ ವ್ಯಾಪಾರಿಯೂ ಅಲ್ಲ; ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಆದರೆ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದ ನಂತರ ಮಾತ್ರೆ ಶೀಟುಗಳ ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದುವ ಅಭ್ಯಾಸ ನನಗೆ ಅಂಟಿಕೊಂಡಿರುವುದರಿಂದ, ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ನನ್ನ ಅಕ್ಕ ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಆರೇಳು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ಚಳಿಗಾಲ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ಅಲ್ಲಿನ ವೈದ್ಯರಿಗೆ ತೋರಿಸಿದರು. ಅವರು ಹೊಸದೊಂದು ಮಾತ್ರೆ ಬರೆದರು. ಹಳೆಯ ಚೀಟಿ ಊರಿನಲ್ಲೇ ಉಳಿದಿತ್ತು. ಅಕ್ಕ ಊರಿಗೆ ಮರಳಿದ ಮೇಲೆ ಎರಡನ್ನೂ ನುಂಗತೊಡಗಿದರು. ಕೆಲವು ವಾರಗಳಲ್ಲಿ ಪಾದ ಊದಿ ಚಪ್ಪಲಿ ಹಿಡಿಯದಾಯಿತು. ಉಪ್ಪು ಹೆಚ್ಚಾಗಿದೆ ಎಂದು ನೆಂಟರು ಅಂದರು, ತೋಟದ ತೇವದಲ್ಲಿ ಓಡಾಡಿದ್ದಕ್ಕೆ ಎಂದು ಅಕ್ಕಪಕ್ಕದವರು ಅಂದರು. ಇನ್ನೊಂದು ಕ್ಲಿನಿಕ್ಕಿನಲ್ಲಿ ‘ನೀರು ಹೋಗುವ ಮಾತ್ರೆ’ ಕೊಟ್ಟರು. ಅದರಿಂದ ರಾತ್ರಿ ನಾಲ್ಕೈದು ಬಾರಿ ಏಳುವಂತಾಗಿ, ಒಮ್ಮೆ ಬಚ್ಚಲಿನ ಬಾಗಿಲಲ್ಲಿ ತಲೆ ಸುತ್ತಿ ಗೋಡೆ ಹಿಡಿದು ಕೂತರು.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗ ಅವರ ಮಾತ್ರೆಯ ಸ್ಟೀಲ್ ಡಬ್ಬಿಯನ್ನು ಕೇಳಿ ಪಡೆದೆ. ಇವೆರಡೂ ಯಾವುದಕ್ಕೆ ಎಂದು ವಿಚಾರಿಸಿದಾಗ ಅಕ್ಕ, ‘ಅದು ಬಿಪಿದು ಕಣೋ, ಇದು ಬೆಂಗ್ಳೂರು ಡಾಕ್ಟ್ರು ಕೊಟ್ಟಿದ್ದು’ ಎಂದರು. ಹಳೆಯ ಶೀಟಿನಲ್ಲಿ ದೊಡ್ಡದಾಗಿ ಇದ್ದದ್ದು ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಒಂದಕ್ಕೊಂದು ಅಕ್ಷರದ ಸಂಬಂಧವೂ ಇಲ್ಲ. ಆದರೆ ಪಕ್ಕದ ಸಣ್ಣ ಅಕ್ಷರಗಳನ್ನು ಓದಿದರೆ ಹಳೆಯದರಲ್ಲಿ ಆಮ್ಲೋಡಿಪೈನ್ 5 ಮಿಲಿಗ್ರಾಂ ಇತ್ತು. ಹೊಸದರಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಜೊತೆಗೆ ಮತ್ತೆ ಅದೇ ಆಮ್ಲೋಡಿಪೈನ್ 5 ಮಿಲಿಗ್ರಾಂ. ಅಂದರೆ ಅಕ್ಕ ದಿನಕ್ಕೆ 10 ಮಿಲಿಗ್ರಾಂ ಆಮ್ಲೋಡಿಪೈನ್ ನುಂಗುತ್ತಿದ್ದರು. ಪಾದದ ಗಂಟಿನ ಬಳಿ ಊತ ಬರುವುದು ಈ ಔಷಧದ ಹೆಸರಾಂತ ಅಡ್ಡಪರಿಣಾಮ, ಪ್ರಮಾಣ ಏರಿದಷ್ಟೂ ಅದು ಹೆಚ್ಚು. ಮೂರನೆಯ ಮಾತ್ರೆ ಕೊಟ್ಟದ್ದು ಕಾಯಿಲೆಗಲ್ಲ, ಮೊದಲೆರಡು ಮಾತ್ರೆಗಳ ಪರಿಣಾಮಕ್ಕೆ. ಮೊದಲಿನ ವೈದ್ಯರ ಬಳಿಗೆ ಮೂರೂ ಶೀಟುಗಳನ್ನು ಒಯ್ದು ತೋರಿಸಿದೆವು. ಅವರು ಹಳೆಯದನ್ನೂ ನೀರಿನ ಮಾತ್ರೆಯನ್ನೂ ನಿಲ್ಲಿಸಿದರು, ಕೆಲವು ವಾರಗಳಲ್ಲಿ ಊತ ಇಳಿಯಿತು. ಮೂವರು ವೈದ್ಯರಲ್ಲಿ ಯಾರೊಬ್ಬರೂ ತಮ್ಮ ಚೀಟಿಯಲ್ಲಿ ತಪ್ಪು ಬರೆದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ತಪ್ಪು ಇದ್ದದ್ದು ಒಂದೇ ವಸ್ತು ಎರಡು ಹೆಸರಿನಲ್ಲಿ ಮನೆಗೆ ಬಂದದ್ದು ಯಾರಿಗೂ ಕಾಣದೆ ಹೋದದ್ದರಲ್ಲಿ.

ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಚಂದ್ರಶೇಖರ ಎಂದಿರುವ ಹುಡುಗನನ್ನು ಮನೆಯಲ್ಲಿ ಪುಟ್ಟ ಎಂದೂ, ಅಜ್ಜಿಯ ಊರಿನಲ್ಲಿ ಚಂದ್ರಣ್ಣ ಎಂದೂ ಕರೆಯುವುದುಂಟು. ಪಡಿತರ ಚೀಟಿಗೆ ಬೇಕಾದದ್ದು ದಾಖಲೆಯ ಹೆಸರು. ಔಷಧಕ್ಕೂ ಹಾಗೆಯೇ. ಮೊದಲನೆಯದು ಅದರ ರಾಸಾಯನಿಕ ಹೆಸರು, ಅಣುವಿನ ರಚನೆಯನ್ನೇ ವಿವರಿಸುವಂಥದ್ದು, ಆದ್ದರಿಂದ ಉದ್ದ, ಬಳಕೆಗೆ ಬಾರದು. ಎರಡನೆಯದು ಜೆನೆರಿಕ್ ಹೆಸರು. ಯಾವ ಕಂಪನಿಯ ಸ್ವತ್ತೂ ಅಲ್ಲದ, ಎಲ್ಲ ವೈದ್ಯರಿಗೂ ಔಷಧಾಲಯಗಳಿಗೂ ಸಮಾನವಾದ ಹೆಸರು. ನಾನು ದಾಖಲೆ ಹೆಸರು ಎನ್ನುವುದು ಇದನ್ನೇ. ಮೂರನೆಯದು ಬ್ರ್ಯಾಂಡ್ ಹೆಸರು, ಅಂದರೆ ಕಂಪನಿಯೊಂದು ತನ್ನ ಸರಕಿಗೆ ಇಟ್ಟು ನೋಂದಾಯಿಸಿಕೊಂಡ ವ್ಯಾಪಾರದ ಗುರುತು. ಅಂಗಡಿಯವರ ಬಾಯಲ್ಲಿ ಜೆನೆರಿಕ್ ಹೆಸರಿಗೆ ‘ಸಾಲ್ಟ್’ ಎನ್ನುವ ರೂಢಿಯಿದೆ. ‘ಸಾಲ್ಟ್ ಒಂದೇ ಸಾರ್’ ಎಂದರೆ ಒಳಗಿನ ಮದ್ದು ಒಂದೇ ಎಂದರ್ಥ, ಅಡುಗೆಯ ಉಪ್ಪಿಗೂ ಅದಕ್ಕೂ ಸಂಬಂಧವಿಲ್ಲ.

ಜಗತ್ತಿಗೆಲ್ಲ ಒಂದೇ ದಾಖಲೆ ಹೆಸರು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 1950ರಲ್ಲಿ ತೀರ್ಮಾನಿಸಿತು, 1953ರಲ್ಲಿ ಅಂಥ ಹೆಸರುಗಳ ಮೊದಲ ಪಟ್ಟಿ ಹೊರಬಂತು. ಆದರೂ ಅದಕ್ಕೂ ಮೊದಲು ರೂಢಿಯಾದ ಕೆಲವು ಹೆಸರುಗಳು ಹಾಗೆಯೇ ಉಳಿದವು. ಇದಕ್ಕೆ ಎಲ್ಲರಿಗೂ ತಿಳಿದ ಮಾತ್ರೆಯೇ ಸಾಕ್ಷಿ. ಜ್ವರದ ಮಾತ್ರೆಯ ಹಳೆಯ ರಾಸಾಯನಿಕ ಹೆಸರು ಪ್ಯಾರಾ ಅಸಿಟೈಲ್ ಅಮಿನೊ ಫೀನಾಲ್. ಈ ಒಂದೇ ಸರಪಳಿಯ ಕೆಲವು ಕೊಂಡಿಗಳನ್ನು ಆಯ್ದು ಬ್ರಿಟನ್ನಿನವರು ‘ಪ್ಯಾರಸಿಟಮಾಲ್’ ಎಂದರು. ಬೇರೆ ಕೊಂಡಿಗಳನ್ನು ಆಯ್ದು ಅಮೆರಿಕದವರು ‘ಅಸಿಟಮಿನೊಫೆನ್’ ಎಂದರು. ನಮ್ಮ ಹಾಸನದ ಎಷ್ಟೋ ಮನೆಗಳ ಮಕ್ಕಳು ಈಗ ಅಲ್ಲಿದ್ದಾರೆ, ಊರಿಗೆ ಬರುವಾಗ ಟೈಲೆನಾಲ್ ಡಬ್ಬಿ ತಂದಿಡುತ್ತಾರೆ. ಅದು ‘ಫಾರಿನ್ ಮಾತ್ರೆ’ ಎಂಬ ಗೌರವದೊಂದಿಗೆ ಬೀರುವಿನಲ್ಲಿ ಕೂರುತ್ತದೆ. ಅದರೊಳಗೆ ಇರುವುದು ನಮ್ಮ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಮದ್ದೇ. ಹಾಗೆಯೇ ನಮ್ಮಲ್ಲಿ ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ನಮ್ಮ ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್.

ಪ್ಯಾರಸಿಟಮಾಲ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಪಾಯ ಹೆಚ್ಚು ಇರುವುದು ನಾವು ಅಪಾಯವೇ ಇಲ್ಲ ಎಂದುಕೊಂಡಿರುವ ಕಡೆ. ಡೋಲೊ 650, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಪ್ಯಾರಸಿಟಮಾಲೇ ಎಂಬುದು ಕೋವಿಡ್ ನಂತರ ಬಹಳ ಜನಕ್ಕೆ ಗೊತ್ತಾಗಿದೆ. ಆದರೆ ಮೈಕೈ ನೋವಿಗೆ ನುಂಗುವ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಸಿಟಮಾಲ್ ಇದೆ, ತಲೆನೋವಿನ ಸಾರಿಡಾನ್‌ನಲ್ಲಿ ಇದೆ, ನೆಗಡಿಯ ಸಿನಾರೆಸ್ಟ್‌ನಲ್ಲಿ ಇದೆ, ಮಂಡಿ ನೋವಿಗೆ ಬರೆದುಕೊಡುವ ಜೆರೊಡಾಲ್ ಪಿ ಎಂಬುದರ ‘ಪಿ’ ಕೂಡ ಅದೇ. ಜ್ವರ, ನೆಗಡಿ, ಸೊಂಟನೋವು ಮೂರೂ ಒಟ್ಟಿಗೆ ಬಂದವರು ಮೂರಕ್ಕೂ ಒಂದೊಂದು ಮಾತ್ರೆ ತೆಗೆದುಕೊಂಡರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ನೀವೇ ಊಹಿಸಿ. ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಮೀರಬಾರದೆಂಬುದು ಸಾಮಾನ್ಯ ಮಿತಿ. ಅಂದರೆ 650ರ ಆರು ಮಾತ್ರೆಗಳಿಗೇ ಹೆಚ್ಚುಕಡಿಮೆ ಮುಗಿಯಿತು. ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಅದೂ ಮೊದಲ ದಿನ ದೊಡ್ಡ ಸೂಚನೆ ಕೊಡದೆ. ಕುಡಿತದ ಅಭ್ಯಾಸ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಈ ಮಿತಿ ಇನ್ನೂ ಕೆಳಗಿದೆ.

ಬ್ರ್ಯಾಂಡ್ ಹೆಸರಿನ ಬಾಲಕ್ಕೆ ಅಂಟಿಸುವ ಅಕ್ಷರ ಮತ್ತು ಅಂಕಿಗಳು ಇನ್ನೊಂದು ಒಗಟು. ಟೆಲ್ಮಾ ಎಂದರೆ ಟೆಲ್ಮಿಸಾರ್ಟನ್ ಮಾತ್ರ. ಟೆಲ್ಮಾ ಎಚ್‌ನಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ಸೇರಿದೆ, ಟೆಲ್ಮಾ ಎಎಂನಲ್ಲಿ ಆಮ್ಲೋಡಿಪೈನ್. ಇದರಿಂದ ‘ಅಕ್ಷರ ಕಲಿತರೆ ಸಾಕು’ ಎಂದುಕೊಳ್ಳುವಂತಿಲ್ಲ. ಸಕ್ಕರೆ ಕಾಯಿಲೆಯ ಅಮರಿಲ್ ಎಂ ಎಂಬಲ್ಲಿ ‘ಎಂ’ ಎಂದರೆ ಮೆಟ್‌ಫಾರ್ಮಿನ್, ಅಲರ್ಜಿಯ ಅಲೆಗ್ರಾ ಎಂ ಎಂಬಲ್ಲಿ ಅದೇ ‘ಎಂ’ ಮಾಂಟೆಲುಕಾಸ್ಟ್. ಅಂಕಿಯ ಕಥೆಯೂ ಹೀಗೆಯೇ. ಡೋಲೊ 650ರಲ್ಲಿ 650 ಮಿಲಿಗ್ರಾಂ ಒಂದೇ ಮದ್ದು. ಆಗ್ಮೆಂಟಿನ್ 625ರಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್ ಮತ್ತು 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ ಕೂಡಿ 625. ಪೆನ್ಸಿಲಿನ್ ಒಗ್ಗದವರು ಈ ಹೆಸರನ್ನು ನೋಡಿದರೆ ಏನು ತಿಳಿದೀತು? ‘ಅಮಾಕ್ಸಿಸಿಲಿನ್’ ಎಂದು ಓದಿದ್ದರೆ ‘ಸಿಲಿನ್’ ಎಂಬ ಕೊನೆಯಾದರೂ ಎಚ್ಚರಿಸುತ್ತಿತ್ತು. ಸಲ್ಫಾ ಎಂಬ ಗುಂಪಿನ ಔಷಧ ಒಗ್ಗದವರ ಪಾಡೂ ಇದೇ; ಸೆಪ್ಟ್ರಾನ್ ನುಂಗಿ ಮೈಯೆಲ್ಲ ದದ್ದು ಎದ್ದವರಿಗೆ ಬ್ಯಾಕ್ಟ್ರಿಮ್ ಕೂಡ ಅದೇ ಕೋಟ್ರೈಮಾಕ್ಸಜೋಲ್ ಎಂದು ಯಾರು ಹೇಳಬೇಕು?

ದಾಖಲೆ ಹೆಸರಿನ ಲಾಭ ಇಲ್ಲೇ ಇದೆ. ಅದರ ಕೊನೆಯ ತುಣುಕನ್ನು ಮದ್ದಿನ ಮನೆತನಕ್ಕೆ ಅನುಗುಣವಾಗಿ ಇಡುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂದು ‘ಒಲಾಲ್’ ಬಂದರೆ ನಾಡಿಬಡಿತ ತಗ್ಗಿಸುವ ಗುಂಪು. ‘ಸಾರ್ಟನ್’, ‘ಪ್ರಿಲ್’, ‘ಡಿಪೈನ್’ ಎಂಬವು ರಕ್ತದೊತ್ತಡದ ಬೇರೆ ಬೇರೆ ಗುಂಪುಗಳು. ‘ಸ್ಟಾಟಿನ್’ ಎಂದರೆ ಹೆಚ್ಚಾಗಿ ಕೊಲೆಸ್ಟರಾಲಿನದು, ‘ಗ್ಲಿಪ್ಟಿನ್’ ಎಂದರೆ ಸಕ್ಕರೆ ಕಾಯಿಲೆಯದು. ನಮ್ಮಲ್ಲಿ ಊರ ಹೆಸರಿನ ಕೊನೆಗೆ ಕೆರೆ, ಹಳ್ಳಿ, ಪುರ ಎಂದಿರುವುದನ್ನು ನೋಡಿ ಒಂದಿಷ್ಟು ಊಹಿಸುವಂತೆ ಇದನ್ನೂ ಊಹಿಸಬಹುದು, ಅಷ್ಟೇ. ಕೆರೆಯೇ ಇಲ್ಲದ ಕೆರೆಯೂರುಗಳೂ ಇವೆ, ಹಾಗಾಗಿ ಊಹೆಯನ್ನು ಔಷಧಾಲಯದವರ ಬಳಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಗಿಡಮೂಲಿಕೆಯಲ್ಲೂ ಈ ತೊಡಕು ಹೊಸದಲ್ಲ. ನಮ್ಮ ಒಂದೆಲಗವನ್ನು ತುಳುವರು ತಿಮರೆ ಎನ್ನುತ್ತಾರೆ, ಹಲವರು ಸರಸ್ವತಿ ಸೊಪ್ಪು ಎನ್ನುತ್ತಾರೆ, ಇನ್ನು ಕೆಲವರು ಬ್ರಾಹ್ಮಿ ಎನ್ನುತ್ತಾರೆ. ಬೇರೆಡೆ ಬ್ರಾಹ್ಮಿ ಎಂದರೆ ಬೇರೆಯೇ ಗಿಡ. ಅಲ್ಲಿ ಸಸ್ಯಶಾಸ್ತ್ರದ ಹೆಸರು ಮಾಡುವ ಕೆಲಸವನ್ನು ಇಲ್ಲಿ ಜೆನೆರಿಕ್ ಹೆಸರು ಮಾಡುತ್ತದೆ.

2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಹಾಸನದವರು ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದನ್ನು ನಿಮ್ಮ ಓದುಗರು ಮರೆತಿರಲಾರರು. ಆ ಗಾಬರಿಯ ನಂತರ ನನ್ನ ಪರಿಚಿತರ ಹಲವು ಮನೆಗಳಲ್ಲಿ ‘ರಕ್ತ ತೆಳುವಾಗುವ ಮಾತ್ರೆ’ ಬಂದು ಕೂತಿದೆ. ಅದರಲ್ಲಿ ಹೆಚ್ಚಿನದು ಆಸ್ಪಿರಿನ್. ಶೀಟಿನ ಮೇಲೆ ಇಕೋಸ್ಪ್ರಿನ್ ಎಂದಿರಬಹುದು. ಅದರ ಮುಂದೆ ‘ಎವಿ’ ಎಂದಿದ್ದರೆ ಆಸ್ಪಿರಿನ್ ಜೊತೆ ಅಟೊರ್ವಾಸ್ಟಾಟಿನ್ ಕೂಡ ಇದೆ, ಬೇರೆಯಾಗಿ ಕೊಲೆಸ್ಟರಾಲಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಅದು ಎರಡಾಯಿತು. ಇವರೇ ತಲೆನೋವು ಬಂದಾಗ ನೀರಿನಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್ ಕೂಡ ಆಸ್ಪಿರಿನ್ನೇ. ತಮಾಷೆಯೆಂದರೆ ಆಸ್ಪಿರಿನ್ ಎಂಬುದೇ 1899ರಲ್ಲಿ ಜರ್ಮನಿಯ ಬೇಯರ್ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ಕೆಲವು ದೇಶಗಳಲ್ಲಿ ಇಂದಿಗೂ ಅದು ಕಂಪನಿಯ ಸ್ವತ್ತು, ಅಲ್ಲಿ ದಾಖಲೆ ಹೆಸರು ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ. ನಮ್ಮಲ್ಲಿ ಅಡ್ಡಹೆಸರೇ ದಾಖಲೆಗೆ ಏರಿಬಿಟ್ಟಿದೆ.

ಅರಸೀಕೆರೆಯವರ ಪ್ರಶ್ನೆಗೆ ಬರುತ್ತೇನೆ. ಔಷಧ ನಿಯಮಗಳ ಪ್ರಕಾರ, ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಷೆಡ್ಯೂಲ್ ಎಚ್ ಗುಂಪಿನ ಔಷಧಕ್ಕೆ ಬದಲಾಗಿ ಬೇರೊಂದನ್ನು, ಅದರಲ್ಲಿ ಅದೇ ಮದ್ದು ಇದ್ದರೂ ಸಹ, ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ವೈದ್ಯರೇ ಜೆನೆರಿಕ್ ಹೆಸರು ಬರೆದಿದ್ದರೆ ಯಾವ ಕಂಪನಿಯದನ್ನಾದರೂ ಕೊಡಬಹುದು. ಜನೌಷಧಿ ಕೇಂದ್ರಗಳು ನಡೆಯುತ್ತಿರುವುದು ಈ ಹಾದಿಯಲ್ಲೇ. ಅಲ್ಲಿನ ಶೀಟುಗಳ ಮೇಲೆ ದಾಖಲೆ ಹೆಸರೇ ಪ್ರಧಾನ. ಅಂಗಡಿಯವರು ಹೇಳಿದ ‘ಎರಡೂ ಒಂದೇ’ ಎಂಬ ಮಾತು ಬಹುಪಾಲು ನಿಜವೇ ಆಗಿರುತ್ತದೆ, ಆದರೆ ಮದ್ದಿನ ಹೆಸರು, ಮಿಲಿಗ್ರಾಂ, ನಿಧಾನವಾಗಿ ಬಿಡುಗಡೆಯಾಗುವ ಬಗೆಯೋ ಸಾದಾ ಬಗೆಯೋ ಎಂಬುದು, ಈ ಮೂರೂ ಹೊಂದಿದರೆ ಮಾತ್ರ. ಮೆಟೊಪ್ರೊಲಾಲ್ ಸಕ್ಸಿನೇಟ್ ಎಂದರೆ ದಿನಕ್ಕೊಂದು ಬಾರಿಯ ನಿಧಾನದ ಮಾತ್ರೆ, ಮೆಟೊಪ್ರೊಲಾಲ್ ಟಾರ್ಟ್ರೇಟ್ ಸಾಮಾನ್ಯವಾಗಿ ಎರಡು ಬಾರಿಯದು. ಮೊದಲ ಪದ ಒಂದೇ ಎಂದು ಅದಲುಬದಲು ಮಾಡಲಾಗದು. ಮೂರ್ಛೆ ರೋಗದ ಫೆನಿಟಾಯಿನ್, ಕಾರ್ಬಮಜೆಪಿನ್, ಹೃದಯದ ಕವಾಟ ಬದಲಿಸಿಕೊಂಡವರ ವಾರ್ಫರಿನ್, ಥೈರಾಯ್ಡಿನ ಲೆವೊಥೈರಾಕ್ಸಿನ್ ಇಂಥವುಗಳಲ್ಲಿ ಪ್ರಮಾಣದ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುವುದರಿಂದ, ಎಲ್ಲ ಹೊಂದಿದರೂ ವೈದ್ಯರನ್ನು ಕೇಳದೆ ಕಂಪನಿ ಬದಲಿಸದಿರುವುದು ಕ್ಷೇಮ.

ಸರ್ಕಾರ ಕೈಕಟ್ಟಿ ಕೂತಿದೆ ಎಂದು ನಾನು ಹೇಳಲಾರೆ. 2001ರಲ್ಲಿ ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಎಂಬ ಮಲೇರಿಯಾ ಔಷಧಗಳ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೆಸರು ಹೆಚ್ಚುಕಡಿಮೆ ಒಂದೇ, ಒಳಗಿನ ಮದ್ದು ಬೇರೆ ಬೇರೆ. ಔಷಧದ ಹೆಸರಿನಲ್ಲಿ ಗೊಂದಲವಾದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಇಲ್ಲಿ ಉಳಿದ ಸರಕುಗಳಿಗಿಂತ ಕಟ್ಟುನಿಟ್ಟಾದ ಅಳತೆಗೋಲು ಬೇಕು ಎಂದು ನ್ಯಾಯಾಲಯ ಆಗಲೇ ಹೇಳಿತು. 2018ರ ಸೆಪ್ಟೆಂಬರಿನಿಂದ, ಒಂದು ಅಥವಾ ಎರಡು ಮದ್ದುಗಳಿರುವ ಔಷಧಗಳಲ್ಲಿ ಜೆನೆರಿಕ್ ಹೆಸರು ಬ್ರ್ಯಾಂಡ್ ಹೆಸರಿಗಿಂತ ಎರಡು ಅಳತೆಯಷ್ಟಾದರೂ ದೊಡ್ಡ ಅಕ್ಷರದಲ್ಲಿ ಇರಬೇಕೆಂಬ ನಿಯಮ ಜಾರಿಯಲ್ಲಿದೆ. ನಿಯಮ ಪಾಲನೆಯಾದ ಶೀಟುಗಳಲ್ಲೂ ಬ್ರ್ಯಾಂಡ್ ಹೆಸರಿಗೆ ಗಾಢ ಬಣ್ಣ, ಜೆನೆರಿಕ್ ಹೆಸರಿಗೆ ಮಂಕು ಬೂದು ಬಣ್ಣ ಬಳಿದಿರುವುದನ್ನು ನೋಡಿದ್ದೇನೆ. ಬೆಳ್ಳಿಯ ಹಾಳೆಯ ಮೇಲೆ ಬೂದು ಅಕ್ಷರ ಎಪ್ಪತ್ತರ ಕಣ್ಣಿಗೆ ಎಷ್ಟು ಕಂಡೀತು? 2023ರ ಆಗಸ್ಟ್ 1ರಿಂದ ಹೆಚ್ಚು ಬಳಕೆಯ 300 ಬ್ರ್ಯಾಂಡುಗಳ ಮೇಲೆ ಕ್ಯುಆರ್ ಕೋಡ್ ಕಡ್ಡಾಯವಾಗಿದೆ, ಮೊಬೈಲಿನಲ್ಲಿ ಅದನ್ನು ತೆರೆದರೆ ಜೆನೆರಿಕ್ ಹೆಸರು ಬರುತ್ತದೆ. ವೈದ್ಯರು ಜೆನೆರಿಕ್ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲೇ ತಿದ್ದುಪಡಿ ತಂದಿತ್ತು. 2023ರ ಆಗಸ್ಟ್ ಆರಂಭದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನಷ್ಟು ಬಿಗಿಯಾದ ನಿಯಮಾವಳಿ ಹೊರಡಿಸಿ, ವೈದ್ಯರ ಸಂಘಗಳ ವಿರೋಧದ ನಂತರ ಅದೇ ತಿಂಗಳ 23ರಂದು ಅದನ್ನು ತಡೆಹಿಡಿಯಿತು. ಜೆನೆರಿಕ್ ಔಷಧಗಳ ಗುಣಮಟ್ಟ ಎಲ್ಲ ಕಡೆ ಸಮನಾಗಿಲ್ಲ ಎಂಬುದು ಅವರ ಆಕ್ಷೇಪ. ಅದು ತಳ್ಳಿಹಾಕುವ ಮಾತಲ್ಲ. ಆದರೆ ಯಾವ ಕಂಪನಿಯ ಮಾತ್ರೆ ಒಳ್ಳೆಯದು ಎಂಬ ಜಗಳ ಬೇರೆ, ನುಂಗುವವನಿಗೆ ಮದ್ದಿನ ಹೆಸರು ತಿಳಿದಿರಬೇಕು ಎಂಬುದು ಬೇರೆ. ಚೀಟಿಯಲ್ಲಿ ಎರಡೂ ಹೆಸರು ಬರೆಯಲು ಯಾವ ಸಂಘದ ಅಡ್ಡಿಯೂ ಇರಲಾರದು.

ಹಾಗಾದರೆ ನಮ್ಮ ಜಿಲ್ಲೆಯ ಮಟ್ಟದಲ್ಲಿ, ಯಾವ ಕಾನೂನಿಗೂ ಕಾಯದೆ ಮಾಡಬಹುದಾದದ್ದು ಏನು? ನಾನು ನೋಡಿದ ಶೀಟುಗಳಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಅಂಗಡಿಯವರು ಮಾತ್ರೆ ಹಾಕಿಕೊಡುವ ಕಾಗದದ ಕವರಿನ ಮೇಲೆ ‘ಬೆಳಿಗ್ಗೆ 1, ರಾತ್ರಿ 1’ ಎಂದು ಈಗಲೂ ಬರೆಯುತ್ತಾರೆ. ಅದರ ಜೊತೆಗೆ ‘ಆಮ್ಲೋಡಿಪೈನ್ 5, ಬಿಪಿಗೆ’ ಎಂದು ಕನ್ನಡದಲ್ಲಿ ಬರೆದರೆ ಹೆಚ್ಚುವರಿ ಹತ್ತು ಸೆಕೆಂಡು ಸಾಕು. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ಇರುವವರ ಮನೆಗೆ ಹೋದಾಗ ಮಾತ್ರೆ ಡಬ್ಬಿಯನ್ನು ಒಮ್ಮೆ ತೆರೆಸಿ ನೋಡುವಂತೆ ಆರೋಗ್ಯ ಇಲಾಖೆ ಹೇಳಬಹುದು. ಈಗಾಗಲೇ ಅವರ ಹೆಗಲ ಮೇಲೆ ಇರುವ ಹೊರೆ ನನಗೆ ಗೊತ್ತು, ಆದರೂ ಹಳ್ಳಿಯಲ್ಲಿ ಆ ಡಬ್ಬಿಯವರೆಗೆ ತಲುಪುವವರು ಅವರೇ. ಓದುಗರಲ್ಲಿ ನನ್ನ ಕೋರಿಕೆ, ಯಾವ ವೈದ್ಯರ ಬಳಿ ಹೋದರೂ ಚೀಟಿಯನ್ನಲ್ಲ, ಮನೆಯಲ್ಲಿರುವ ಎಲ್ಲ ಶೀಟುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಮಗ ಅಮೆರಿಕದಿಂದ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು ಸೇರಿ. ನಿಮ್ಮ ಪತ್ರಿಕೆಯೂ ಆರೋಗ್ಯ ಪುಟದಲ್ಲಿ ಔಷಧದ ಬ್ರ್ಯಾಂಡ್ ಹೆಸರು ಬಂದಾಗಲೆಲ್ಲ ಪಕ್ಕದಲ್ಲಿ ಜೆನೆರಿಕ್ ಹೆಸರನ್ನು ಕನ್ನಡ ಲಿಪಿಯಲ್ಲಿ ಒಂದೇ ಕಾಗುಣಿತದಲ್ಲಿ ಅಚ್ಚು ಮಾಡಿದರೆ, ಅಂಗಡಿಯವರಿಗೂ ಕವರಿನ ಮೇಲೆ ಬರೆಯಲು ಒಂದು ಮಾದರಿ ಸಿಕ್ಕೀತು.

ಕೊನೆಯದಾಗಿ ಔಷಧ ವ್ಯಾಪಾರಿಗಳಲ್ಲಿ ಒಂದು ವಿನಂತಿ. ನಾಲ್ಕು ಮಾತ್ರೆ ಕೇಳಿದವರಿಗೆ ಕತ್ತರಿಯಿಂದ ಶೀಟು ಕತ್ತರಿಸಿ ಕೊಡುವಾಗ ಹೆಸರು ಇರುವ ತುದಿ ಅಂಗಡಿಯಲ್ಲೇ ಉಳಿದು, ಗಿರಾಕಿಯ ಕೈಗೆ ಬೆಳ್ಳಿಯ ಹಾಳೆಯಷ್ಟೇ ಬರುತ್ತದೆ. ಅಕ್ಕನ ಡಬ್ಬಿಯಲ್ಲಿ ಅಂಥ ಮೂರು ತುಂಡುಗಳಿದ್ದವು. ಅವು ಯಾವ ಮಾತ್ರೆಗಳೆಂದು ನನಗಾಗಲಿ, ನಂತರ ನೋಡಿದ ವೈದ್ಯರಿಗಾಗಲಿ ತಿಳಿಯಲಿಲ್ಲ, ಮೂರನ್ನೂ ಎಸೆಯಬೇಕಾಯಿತು. ಕತ್ತರಿಸಲೇಬೇಕಾದರೆ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಆ ತುಂಡಿನ ಹಿಂದೆ ಪೆನ್ನಿನಿಂದ ಬರೆದುಕೊಡಿ.

ಇಂತಿ ನಿಮ್ಮ ಓದುಗ,
ನಿವೃತ್ತ ವಿಜ್ಞಾನ ಶಿಕ್ಷಕ
ಹಾಸನ